ಮಹಾಯುದ್ಧದಲ್ಲಿ ಸರಕು ಹಡಗುಗಳೊಂದಿಗೆ ಮುಳುಗಿದ ಹುಡುಗರನ್ನು ಬ್ರಿಟನ್ನಿನಲ್ಲಿ ಎಲ್ಲಿ ಸ್ಮರಿಸುತ್ತಾರೆ?

ಮುಖ್ಯವಾಗಿ ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ. ಎರಡು ಮಹಾಯುದ್ಧಗಳಲ್ಲಿ ಸಮುದ್ರದ ಹೊರತು ಬೇರೆ ಸಮಾಧಿಯೇ ಇಲ್ಲದೆ ಹೋದ ಸುಮಾರು 36,000 ನಾವಿಕರ ಹೆಸರುಗಳು ಅಲ್ಲಿವೆ. ಹೆಸರುಗಳನ್ನು ಹಡಗಿನ ಪ್ರಕಾರ ಜೋಡಿಸಿದ್ದಾರೆ. ಹಾಗಾಗಿ ಕ್ಯಾಪ್ಟನ್ನನೂ ಅಡುಗೆಮನೆಯ ಹುಡುಗನೂ ಒಂದೇ ಫಲಕದಲ್ಲಿ ಸಿಗುತ್ತಾರೆ.

ಇವರು ಸೈನಿಕರಲ್ಲ, ಸಂಬಳಕ್ಕೆ ದುಡಿಯುತ್ತಿದ್ದ ನಾಗರಿಕರು. ನೌಕಾಪಡೆಗೆ ಸಿಕ್ಕ ಗೌರವ ಇವರಿಗೆ ತಡವಾಗಿ ದಕ್ಕಲು ಅದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ರೆಜಿನಾಲ್ಡ್ ಅರ್ನ್‌ಶಾನ ಪ್ರಕರಣ ನೋಡಿ. 15 ವರ್ಷವೆಂದು ಸುಳ್ಳು ಹೇಳಿ ಹಡಗು ಸೇರಿದ್ದ ಅವನು 1941ರ ಜುಲೈಯಲ್ಲಿ ಜರ್ಮನ್ ವಿಮಾನ ದಾಳಿಯಲ್ಲಿ ಸತ್ತಾಗ ಅವನಿಗಿನ್ನೂ 14. ದೇಹ ಸಿಕ್ಕಿ ಎಡಿನ್‌ಬರೋದಲ್ಲಿ ಮಣ್ಣಾದರೂ ಸಮಾಧಿಗೆ ಕಲ್ಲು ನೆಟ್ಟದ್ದು 2009ರಲ್ಲಿ! ಆ ಯುದ್ಧದಲ್ಲಿ ಬ್ರಿಟನ್ನಿನ ಸೇವೆಯಲ್ಲಿ ಮಡಿದವರಲ್ಲಿ, ತಿಳಿದಿರುವಂತೆ, ಅವನೇ ಅತಿ ಕಿರಿಯ.

ಸೆಪ್ಟೆಂಬರ್ 3 ಅಲ್ಲಿ ವ್ಯಾಪಾರಿ ನೌಕೆಗಳ ದಿನ. 1939ರಲ್ಲಿ ಬ್ರಿಟನ್ ಯುದ್ಧ ಸಾರಿದ್ದು ಅಂದೇ. ಕೆಲವೇ ಗಂಟೆಗಳಲ್ಲಿ ಅಥೀನಿಯಾ ಎಂಬ ಪ್ರಯಾಣಿಕರ ಹಡಗಿಗೆ ಟಾರ್ಪೆಡೊ ಬಡಿಯಿತು. ಈ ದಿನಾಚರಣೆ ಶುರುವಾದದ್ದು ಮಾತ್ರ 2000ದಲ್ಲಿ.

ಬ್ರಿಟಿಷ್ ಹಡಗುಗಳಲ್ಲಿ ಲಸ್ಕರರೆಂದು (ಏಷ್ಯಾದ ನಾವಿಕರಿಗಿದ್ದ ಹೆಸರು) ದುಡಿದು ಎರಡನೇ ಯುದ್ಧದಲ್ಲಿ ಕಡಲುಪಾಲಾದ ಸಾವಿರಾರು ಭಾರತೀಯರ ಸ್ಮಾರಕಗಳು ಮುಂಬೈಯಲ್ಲೂ ಚಿತ್ತಗಾಂಗಿನಲ್ಲೂ ಇವೆ. ಈ ಪ್ರಶ್ನೆಯ ಉತ್ತರದಲ್ಲಿ ಅವರನ್ನು ಬಿಡುವುದು ಅನ್ಯಾಯ.