ಮೈ ಬಿಸಿ ಏರಿದ್ದು ಮುಟ್ಟು ನಿಲ್ಲುವುದರಿಂದ ಅಂದುಕೊಂಡೆ, ಬಿಪಿಯೂ ಏರಿತ್ತು

ಅಮ್ಮನಿಗೆ 49, ಮುಟ್ಟು ನಿಲ್ಲುತ್ತಾ ಬಂದಿದೆ, ಬಿಪಿ 150/94 ಬಂತು, 'ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ' ಅಂತಾರೆ, ಹಾಗೇ ಬಿಡಬಹುದಾ ಅಂತ ಕೇಳಿದ್ದೀರಿ. ಬಿಡಬೇಡಿ. ನಾನು ಹಾಗೆ ಬಿಟ್ಟು ಒಂದು ವರ್ಷ ಕಳೆದವಳು.

ನಮ್ಮದು ದಾವಣಗೆರೆ. ಇಲ್ಲಿನ ಬೇಸಿಗೆಯಲ್ಲಿ ಬೆವರದವರು ಯಾರು? ಮೈ ಧಗ್ ಅನ್ನುವುದು, ರಾತ್ರಿ ಎದೆ ಡವಡವ ಅನ್ನುವುದು, ನಿದ್ದೆ ಬಾರದಿರುವುದು, ಎಲ್ಲವನ್ನೂ ಮುಟ್ಟು ನಿಲ್ಲುವುದರ ಲೆಕ್ಕಕ್ಕೆ ಬರೆದೆ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಮಗಳ ಹೆರಿಗೆಗೆ ಆಸ್ಪತ್ರೆಗೆ ಹೋದಾಗ ನರ್ಸ್ ಸುಮ್ನೆ ನನ್ನ ತೋಳಿಗೂ ಪಟ್ಟಿ ಸುತ್ತಿದರು. 164/98. ತಲೆನೋವು ಕೂಡ ಇರಲಿಲ್ಲ.

ಡಾಕ್ಟರಮ್ಮ ಮೊದಲು ಕೇಳಿದ್ದು, 'ಬಸುರಿಯಾಗಿದ್ದಾಗ ಬಿಪಿ ಏರಿತ್ತಾ?' ಏರಿತ್ತು, 27 ವರ್ಷದ ಹಿಂದೆ! ಹೆರಿಗೆ ಆದ ಮೇಲೆ ಇಳಿಯಿತು, ನಾನೂ ಮರೆತೆ. ಅಂಥವರಿಗೆ ಮುಂದೆ ಬಿಪಿ, ಹೃದಯದ ತೊಂದರೆ ಬರುವ ಸಾಧ್ಯತೆ ಜಾಸ್ತಿಯಂತೆ. ನಿಮ್ಮ ಅಮ್ಮನನ್ನೂ ಇದೊಂದು ಕೇಳಿ. ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಇರುವವರೆಗೆ ರಕ್ತನಾಳಗಳು ಮೆತ್ತಗಿರುತ್ತವೆ. ಮುಟ್ಟು ನಿಲ್ಲುವ ಹೊತ್ತಿಗೆ ಅದು ಕಡಿಮೆಯಾದಾಗ ಅವು ಬಿಗಿಯಾಗುತ್ತವೆ, ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ಸೊಂಟದ ಸುತ್ತ ಕೊಬ್ಬು ಕೂರುತ್ತದೆ.

ಊಟದಲ್ಲಿ ಉಪ್ಪು ಕಡಿಮೆ ಮಾಡುವಾಗ ನನಗೆ ಬಿಡಲು ಕಷ್ಟವಾಗಿದ್ದು ಬೆಣ್ಣೆ ದೋಸೆ ಅಲ್ಲ, ಅದು ತಿಂಗಳಿಗೊಮ್ಮೆ. ದಿನಾ ಸಂಜೆಯ ಮಂಡಕ್ಕಿ, ಮಿರ್ಚಿ. ಮಂಡಕ್ಕಿ ಹುರಿಯುವ ಮೊದಲೇ ಅಕ್ಕಿಗೆ ಉಪ್ಪು ಸೇರಿರುತ್ತದೆ, ಇದು ಮಂಡಕ್ಕಿ ಹುರಿಯುವ ಭಟ್ಟಿಗಳ ಊರಿನವಳಾದ ನನಗೇ ಹೊಳೆದಿರಲಿಲ್ಲ. ಜೊತೆಗೆ ಉಪ್ಪಿನಕಾಯಿ, ಹಪ್ಪಳ. ಇಡೀ ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು, ಅಂದರೆ ಒಂದು ಚಿಕ್ಕ ಚಮಚದಷ್ಟು, ಮೀರಬಾರದು. ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ನಡೆಯುತ್ತೇನೆ, ನಡುವೆ ಹರಟೆಯೂ ಆಗುತ್ತದೆ.

ಮಾತ್ರೆ ವಿಷಯದಲ್ಲಿ ನಾನು ಮಾಡಿದ ದಡ್ಡತನ ಹೇಳುತ್ತೇನೆ. 128/80 ಬಂತು, 'ವಾಸಿಯಾಯ್ತು' ಅಂತ ನಾನೇ ನಿಲ್ಲಿಸಿದೆ. ಮೂರು ವಾರಕ್ಕೆ ಮತ್ತೆ 160. ಇಳಿಸಿದ್ದು ಮಾತ್ರೆ, ನಾನಲ್ಲ!

ಒಂದೇ ಸಲ ನೋಡಿ ಗಾಬರಿಯೂ ಬೇಡ. ವಾರ ಪೂರ್ತಿ ಬೆಳಿಗ್ಗೆ, ಸಂಜೆ ನೋಡಿ. ಅರ್ಧ ಗಂಟೆ ಮೊದಲಿಂದ ಟೀ, ಕಾಫಿ ಬೇಡ. ಮೂತ್ರಕ್ಕೆ ಹೋಗಿ ಬಂದು, ಐದು ನಿಮಿಷ ಒರಗಿ ಕೂತು, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಮಾತಾಡದೆ ನೋಡಬೇಕು. ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಆದರೆ ಉಸಿರುಗಟ್ಟಿದರೆ, ದವಡೆ ಅಥವಾ ಬೆನ್ನು ನೋವು ಬಂದು ತಣ್ಣನೆ ಬೆವರಿದರೆ, ಎದೆನೋವು ಇಲ್ಲದಿದ್ದರೂ ಗ್ಯಾಸ್ ಅಂತ ಸೋಡಾ ಕುಡಿಸುತ್ತಾ ಕೂರಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ.