ಟೊಮೆಟೊಗೆ ಎರಡು ಹೆಸರು ಯಾಕೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಟೊಮೆಟೊದ ವೈಜ್ಞಾನಿಕ ಹೆಸರು ಸೊಲೇನಮ್ ಲೈಕೊಪರ್ಸಿಕಮ್ ಎಂದು ಬರೆದಿದ್ದೀರಿ. ನಾನು ಕಾಲೇಜಿನಲ್ಲಿ ಓದಿದ್ದು ಲೈಕೊಪರ್ಸಿಕಾನ್ ಎಸ್ಕುಲೆಂಟಮ್. ತಪ್ಪು ಯಾರದು? ಹೀಗೆ ಬದಲಾಗುತ್ತಲೇ ಇದ್ದರೆ ನಾಲಿಗೆ ಹೊರಳದ ಈ ಲ್ಯಾಟಿನ್ ಹೆಸರು ಯಾಕೆ ಬೇಕು? ಟೊಮೆಟೊ ಅಂದರೆ ಸಾಲದೇ?

ಸಂಪಾದಕರ ಉತ್ತರ:

ತಪ್ಪು ಯಾರದೂ ಅಲ್ಲ. ನೀವು ಓದುವಾಗ ಪುಸ್ತಕಗಳಲ್ಲಿ ಆ ಹೆಸರೇ ಇತ್ತು. ಎರಡೂ ಒಂದೇ ಗಿಡದ ಹೆಸರು.

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಮಾತಾಡುವುದಕ್ಕೆ ಟೊಮೆಟೊ ಅಂದರೆ ಧಾರಾಳವಾಗಿ ಸಾಕು. ಆದರೆ ಯಾವುದಕ್ಕೆ ಯಾವುದು ನೆಂಟ ಅಂತ ರೂಢಿಯ ಹೆಸರು ಹೇಳುವುದಿಲ್ಲ. ಕೆಲವು ಸಲ ದಾರಿಯನ್ನೇ ತಪ್ಪಿಸುತ್ತದೆ. ಕಾಟಿಯನ್ನು ನೋಡಿ. ಅದನ್ನು ಕಾಡುಕೋಣ ಅನ್ನುತ್ತೇವೆ, ಕಾಡೆಮ್ಮೆ ಅಂತಲೂ ಅನ್ನುತ್ತೇವೆ. ವೈಜ್ಞಾನಿಕ ಹೆಸರು ಬಾಸ್ ಗಾರಸ್. ಹಸುವಿನದು ಬಾಸ್ ಟಾರಸ್, ಎಮ್ಮೆಯದು ಬ್ಯುಬಾಲಸ್ ಬ್ಯುಬಾಲಿಸ್. ಅಂದರೆ ಕಾಟಿ ಹಸುವಿನ ಬಳಗ, ಎಮ್ಮೆಯದಲ್ಲ! ಹೆಸರಿನ ಮೊದಲ ಪದ ಕುಲವನ್ನು ಹೇಳುತ್ತದೆ. ಎರಡನೆಯದು ಸೇರಿದಾಗ ಆ ಕುಲದೊಳಗಿನ ಒಂದು ಪ್ರಭೇದ ಯಾವುದೆಂದು ಗೊತ್ತಾಗುತ್ತದೆ.

ಸ್ವೀಡನ್ನಿನ ಕಾರ್ಲ್ ಲಿನೇಯಸ್ ಈ ಎರಡು ಪದಗಳ ಪದ್ಧತಿಯನ್ನು 1753ರಲ್ಲಿ ಗಿಡಗಳಿಗೆಲ್ಲ ಬಳಸಿದರು, 1758ರಲ್ಲಿ ಪ್ರಾಣಿಗಳಿಗೂ ತಂದರು. ಅದಕ್ಕೆ ಮೊದಲು ಒಂದು ಗಿಡದ ಹೆಸರೆಂದರೆ ಎಲೆ, ಕಾಂಡ, ರೆಂಬೆಗಳ ವರ್ಣನೆಯೇ ತುಂಬಿದ ಉದ್ದನೆಯ ಲ್ಯಾಟಿನ್ ಸಾಲು.

ಈಗ ಟೊಮೆಟೊ. ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಸೊಲೇನಮ್ ಲೈಕೊಪರ್ಸಿಕಮ್. ಆಲೂಗಡ್ಡೆ, ಬದನೆ ಇರುವ ಕುಲಕ್ಕೇ ಅದನ್ನೂ ಸೇರಿಸಿದ್ದರು. ಇಂಗ್ಲೆಂಡಿನ ಫಿಲಿಪ್ ಮಿಲ್ಲರ್ ಇದನ್ನು ಒಪ್ಪಲಿಲ್ಲ. ಟೊಮೆಟೊಗೆ ಬೇರೆಯೇ ಕುಲ ಇರಬೇಕೆಂದು 1768ರಲ್ಲಿ ಲೈಕೊಪರ್ಸಿಕಾನ್ ಎಸ್ಕುಲೆಂಟಮ್ ಎಂದು ಕರೆದರು. ಎಸ್ಕುಲೆಂಟಮ್ ಎಂದರೆ ತಿನ್ನಬಹುದಾದದ್ದು.

ಬೇರೆ ಮಾಡಿದ್ದು ಸುಮ್ನೆ ಅಲ್ಲ. ನಿಮ್ಮ ಪತ್ರ ಬಂದ ಮೇಲೆ ಟೊಮೆಟೊ ಹೂವನ್ನೂ ಬದನೆ ಹೂವನ್ನೂ ತಂದು ಭೂತಗನ್ನಡಿ ಹಿಡಿದು ನೋಡಿದೆ. ಬದನೆ ಹೂವಿನ ಪ್ರತಿ ಪರಾಗಕೋಶದ ತುದಿಯಲ್ಲಿ ಸಣ್ಣ ತೂತುಗಳಿವೆ. ಬೆರಳಿಂದ ತಟ್ಟಿದರೆ ಹುಡಿ ಅಲ್ಲಿಂದಲೇ ಉದುರುತ್ತದೆ. ಟೊಮೆಟೊದಲ್ಲಿ ಪರಾಗಕೋಶಗಳು ಒಂದಕ್ಕೊಂದು ಅಂಟಿ ಹಳದಿ ಕೊಕ್ಕಿನ ಹಾಗೆ ಚೂಪಾಗಿವೆ. ಮೆಲ್ಲಗೆ ಬಿಡಿಸಿದರೆ ಒಳಬದಿಯಲ್ಲಿ ಉದ್ದಕ್ಕೂ ಸೀಳು ಕಾಣುತ್ತದೆ, ಹುಡಿ ಇರುವುದು ಅಲ್ಲಿ. ಇಷ್ಟು ವ್ಯತ್ಯಾಸ ಕಣ್ಣಿಗೆ ಕಂಡ ಮೇಲೆ ಬೇರೆ ಕುಲ ಅನ್ನಿಸುವುದು ಸಹಜ ಅಲ್ವಾ? ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ಬಹಳಷ್ಟು ಜನ ಹಾಗೇ ನಂಬಿದ್ದರು.

1990ರ ದಶಕದಲ್ಲಿ ಡಿಎನ್ಎ ಹೋಲಿಸಿ ನೋಡಿದಾಗ ಬೇರೆಯೇ ಸಂಗತಿ ಹೊರಬಂತು. ಟೊಮೆಟೊ ಮತ್ತು ಆಲೂಗಡ್ಡೆ ತೀರಾ ಹತ್ತಿರದ ನೆಂಟರು. ಬದನೆ ಇಬ್ಬರಿಗೂ ದೂರ. ಹಾಗಿರುವಾಗ ಆಲೂಗಡ್ಡೆಯನ್ನೂ ಬದನೆಯನ್ನೂ ಒಂದೇ ಕುಲದಲ್ಲಿ ಇಟ್ಟುಕೊಂಡು ಟೊಮೆಟೊವನ್ನು ಮಾತ್ರ ಹೊರಗಿಟ್ಟರೆ ಹೇಗೆ? ಒಡಹುಟ್ಟಿದವನನ್ನು ಆಚೆ ಕಳಿಸಿ ದೊಡ್ಡಪ್ಪನ ಮಗನನ್ನು ಮನೆಯವನು ಎಂದು ಲೆಕ್ಕ ಹಿಡಿದ ಹಾಗೆ. ಒಬ್ಬ ಪೂರ್ವಿಕನ ಸಂತತಿಯೆಲ್ಲ ಒಂದೇ ಗುಂಪಿನಲ್ಲಿ ಇರಬೇಕು, ಯಾರನ್ನೂ ಬಿಡಬಾರದು ಎಂಬುದು ಇವತ್ತಿನ ವರ್ಗೀಕರಣದ ಮುಖ್ಯ ನಿಯಮ. ಅದಕ್ಕೇ ಟೊಮೆಟೊ ಸೊಲೇನಮ್‌ಗೆ ವಾಪಸು ಬಂತು. ಮೊದಲು ಪ್ರಕಟವಾದ ಹೆಸರಿಗೇ ಹಕ್ಕು ಎಂಬ ಇನ್ನೊಂದು ನಿಯಮವಿದೆ. ಹಾಗಾಗಿ ಲಿನೇಯಸ್ ಇಟ್ಟ ಹೆಸರೇ ಮತ್ತೆ ಬಂತು, ಎಸ್ಕುಲೆಂಟಮ್ ಹೋಯಿತು.

ಆದ್ದರಿಂದ ಈ ಬದಲಾವಣೆಯನ್ನು ಗೊಂದಲ ಅಂತ ನೋಡಬೇಡಿ ಎಂಬುದು ನನ್ನ ಕೋರಿಕೆ. ಹೆಸರಿನೊಳಗೇ ನೆಂಟಸ್ತಿಕೆಯ ಮಾತು ಇದೆ. ನಮ್ಮ ತಿಳಿವಳಿಕೆ ತಿದ್ದಿಕೊಂಡಾಗ ಹೆಸರೂ ತಿದ್ದಿಕೊಳ್ಳುತ್ತದೆ.

ಹಾಗಂತ ಹೆಸರನ್ನು ಸುಲಭಕ್ಕೆ ಬಿಟ್ಟುಕೊಡುವುದೂ ಇಲ್ಲ. ಪ್ರತಿ ಪ್ರಭೇದದ ಹೆಸರೂ ಒಂದು ನಿಜವಾದ ಮಾದರಿಗೆ ಕಟ್ಟಿರುತ್ತದೆ. ಹೆಚ್ಚಾಗಿ ಅದು ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟ ಒಂದು ಒಣಗಿದ ರೆಂಬೆಯೋ ಮೂಳೆಯೋ ಆಗಿರುತ್ತದೆ. ಏಷ್ಯಾದ ಆನೆಗೆ ಎಲಿಫಸ್ ಮ್ಯಾಕ್ಸಿಮಸ್ ಎಂದು ಹೆಸರಿಡುವಾಗ ಲಿನೇಯಸ್ ಮುಂದಿದ್ದ ಮಾದರಿಗಳಲ್ಲಿ ಮದ್ಯಸಾರದಲ್ಲಿಟ್ಟ ಒಂದು ಆನೆ ಭ್ರೂಣವೂ ಇತ್ತು. ಅದು ಆಫ್ರಿಕಾದ ಆನೆಯದು ಎಂದು 2013ರಲ್ಲಿ ಖಚಿತವಾಯಿತು! ಅದೇ ಮಾದರಿ ಎಂದಿದ್ದರೆ ಹೆಸರೇ ಆಫ್ರಿಕಾದ ಆನೆಗೆ ಹೋಗುತ್ತಿತ್ತು. ಆದರೆ ಲಿನೇಯಸ್ ಇನ್ನೊಂದು ಆಧಾರವನ್ನೂ ಕೊಟ್ಟಿದ್ದರು. ಜಾನ್ ರೇ ಎಂಬವರು ಇಟಲಿಯ ಫ್ಲಾರೆನ್ಸಿನಲ್ಲಿ ಕಂಡು ವರ್ಣಿಸಿದ್ದ ಆನೆಯ ಅಸ್ಥಿಪಂಜರ ಅದು. ಹುಡುಕಿದಾಗ ಅದು ಅಲ್ಲೇ ಸಿಕ್ಕಿತು. ನಿಜಕ್ಕೂ ಏಷ್ಯಾದ ಆನೆ. ಈಗ ಹೆಸರು ನಿಂತಿರುವುದು ಆ ಮೂಳೆಗಳ ಮೇಲೆ.

ನಮ್ಮ ಕಡೆಯಿಂದ ಒಂದು ಕೊರತೆ ಆಯಿತು, ಒಪ್ಪುತ್ತೇನೆ. ನಿಮ್ಮ ಹಾಗೆ ಹಳೆಯ ಹೆಸರು ಕಲಿತವರು ತುಂಬಾ ಜನ ಇದ್ದಾರೆ. ಇನ್ನು ಮುಂದೆ ಹೆಸರು ಬದಲಾದ ಕಡೆಯಲ್ಲೆಲ್ಲ ಹಳೆಯದನ್ನೂ ಪಕ್ಕದಲ್ಲೇ ಅಚ್ಚು ಮಾಡುತ್ತೇವೆ.