ವೀನಸ್‌ಗಿಂತ ಮೊದಲು ಆಲ್ಥಿಯಾ ಗಿಬ್ಸನ್

ವಿಂಬಲ್ಡನ್ ಸಿಂಗಲ್ಸ್ ಗೆದ್ದ ಮೊದಲ ಕಪ್ಪು ಮಹಿಳೆ ವೀನಸ್ ವಿಲಿಯಮ್ಸ್ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ವೀನಸ್ ಗೆದ್ದಿದ್ದು 2000ದಲ್ಲಿ. ಅಮೆರಿಕದ ಆಲ್ಥಿಯಾ ಗಿಬ್ಸನ್ 1957 ಮತ್ತು 1958ರಲ್ಲೇ ಗೆದ್ದಿದ್ದರು. 1957ರಲ್ಲಿ ಟ್ರೋಫಿ ಕೊಟ್ಟವರು ರಾಣಿ ಎಲಿಜಬೆತ್.

ಅದಕ್ಕೂ ಮೊದಲಿನ ಕಥೆ ಇನ್ನೂ ಜೋರಾಗಿದೆ. 1950ರವರೆಗೆ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಆಡಲು ಕಪ್ಪು ಆಟಗಾರರಿಗೆ ಅವಕಾಶವೇ ಇರಲಿಲ್ಲ. ಆಗ ಮಾಜಿ ಚಾಂಪಿಯನ್ ಆಲಿಸ್ ಮಾರ್ಬಲ್, ಬಿಳಿಯ ಮಹಿಳೆ, ಟೆನಿಸ್ ಪತ್ರಿಕೆಯೊಂದರಲ್ಲಿ ಈ ತಾರತಮ್ಯವನ್ನು ಖಾರವಾಗಿಯೇ ಟೀಕಿಸಿ ಬರೆದರು. ಅದೇ ವರ್ಷ ಗಿಬ್ಸನ್‌ಗೆ ಬಾಗಿಲು ತೆರೆಯಿತು. 1956ರಲ್ಲಿ ಫ್ರೆಂಚ್ ಪ್ರಶಸ್ತಿಯೂ ಬಂತು.

ಆದರೆ ಆಗಿನ ಟೆನಿಸ್ ಅಮೆಚೂರ್ ಆಟ. ಬಹುಮಾನದ ಹಣವೇ ಇಲ್ಲ! ಕಪ್ ಇಟ್ಟುಕೊಂಡು ಬಾಡಿಗೆ ಕಟ್ಟೋಕಾಗುತ್ತಾ? ಮುಂದೆ ಅವರು ಗಾಲ್ಫ್ ಹಿಡಿದರು. 1964ರಲ್ಲಿ ಮಹಿಳಾ ವೃತ್ತಿಪರ ಗಾಲ್ಫ್ ಟೂರ್ ಸೇರಿದ ಮೊದಲ ಕಪ್ಪು ಮಹಿಳೆಯಾದರು. ಅಲ್ಲೂ ಕೆಲವು ಕ್ಲಬ್‌ಗಳು ಒಳಗೆ ಬಿಡುತ್ತಿರಲಿಲ್ಲ, ಕಾರಿನಲ್ಲೇ ಬಟ್ಟೆ ಬದಲಿಸಬೇಕಿತ್ತು. ನನ್ನ ಪ್ರಕಾರ ವಿಂಬಲ್ಡನ್‌ಗಿಂತ ಜಾಸ್ತಿ ಗಟ್ಟಿತನ ಬೇಕಾಗಿದ್ದು ಇಲ್ಲೇ.

ನ್ಯೂಯಾರ್ಕ್‌ನ ಯುಎಸ್ ಓಪನ್ ಅಂಗಳದಲ್ಲಿ ಅವರ ಪ್ರತಿಮೆ ನಿಂತಿದ್ದು 2019ರಲ್ಲಿ. ಅವರು ತೀರಿಕೊಂಡಿದ್ದು 2003ರಲ್ಲಿ.